ಗಟ್ಟಿಕೈ ಗಾಡಿ ಕಲಿತದ್ದು

ನಮ್ಮ ಅಂಗಡಿಗೆ ಬಂದು ಯಾರಾದರೂ ಅವಳ ಹೆಸರು ಹಿಡಿದು ಕೇಳಿದರೆ, ಯಾರಪ್ಪಾ ಅದು ಅಂತ ನಾನೇ ಒಂದು ಗಳಿಗೆ ಯೋಚನೆ ಮಾಡಬೇಕು. ಎಲ್ಲರಿಗೂ ಅವಳು ಗಟ್ಟಿಕೈ. ನನ್ನ ತಮ್ಮನ ಹೆಂಡತಿ. ಗಾಜಿನ ಅಂಗಡಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ಗಿರಾಕಿಯ ಒಂದು ಹಾಳೆ ಗಾಜನ್ನೂ ಒಡೆಯದವಳು ಇನ್ನೊಬ್ಬಳಿದ್ದರೆ ಕರಕೊಂಡು ಬನ್ನಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ನನ್ನ ಬಾಯಿ ಮುಚ್ಚಿಸುವುದು ಎಷ್ಟು ಕಷ್ಟ ಅಂತ ನಮ್ಮ ಬೀದಿಯವರನ್ನು ಕೇಳಿ, ಹೇಳುತ್ತಾರೆ.

ನಮ್ಮದು ಅಗಲ ಕಡಿಮೆ, ಉದ್ದ ಜಾಸ್ತಿಯ ಅಂಗಡಿ. ಮುಂದೆ ಕಂಬಳಿ ಹೊದಿಸಿದ ದೊಡ್ಡ ಮೇಜು; ಅದರ ಮೇಲೆ ತಮ್ಮ ಗಾಜು ಕೊಯ್ಯುತ್ತಾನೆ. ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳಲ್ಲಿ ಹಾಳೆ ಹಾಳೆಯಾಗಿ ಗಾಜು, ಕೊನೆಯ ಮೂಲೆಯಲ್ಲಿ ಕನ್ನಡಿಗಳು. ಹಿಂದೆ ಕಿಟಕಿ ಪಕ್ಕ ನನ್ನ ಜಾಗ. ಫೋಟೋಗಳಿಗೆ ಫ್ರೇಮು ಹಾಕುವುದು ನನ್ನ ಕೆಲಸ. ಮೇಲೆ ಎರಡು ಕೋಣೆ, ಅಪ್ಪ ಹೋದಮೇಲೆ ಅಲ್ಲಿ ನಮ್ಮ ಮೂವರ ವಾಸ. ತಮ್ಮ ಚಿಕ್ಕವನಿದ್ದಾಗಲೇ ಅಮ್ಮ ತೀರಿಕೊಂಡಳು, ಅವನನ್ನು ಎತ್ತಿ ಆಡಿಸಿ ಉಣಿಸಿದವಳು ನಾನು. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗೆ ಪೂರ್ತಿ ಇದೆ. ಬೇರೆ ಯಾರಾದರೂ ಬೈದರೆ ಮಾತ್ರ ನಾನು ಸುಮ್ಮನಿರುವವಳಲ್ಲ.

ಅಂಗಡಿಗೆ ಇರುವುದು ಒಂದೇ ಕಾನೂನು, ಅದು ಅಪ್ಪ ಮಾಡಿದ್ದು. ಗಾಜು ಜಾರಿತೋ, ಅದರ ಆಸೆ ಬಿಡು. ಎರಡೂ ಕೈ ಮೇಲೆತ್ತು, ಹಿಂದಕ್ಕೆ ಸರಿ. ಹಿಡಿಯೋದಕ್ಕೆ ಹೋಗಲೇಬೇಡ. ಹೊಸಬರು ಯಾರೇ ಕೆಲಸಕ್ಕೆ ಬರಲಿ, ಅಪ್ಪ ಮಾತಾಡುತ್ತ ಮಾತಾಡುತ್ತಲೇ ಅವರ ಮುಂದೆ ಒಂದು ಹಾಳಾದ ಗಾಜಿನ ತುಂಡು ಬೇಕಂತಲೇ ಕೆಳಗೆ ಬಿಡುತ್ತಿದ್ದರು. ಕೈ ಮುಂದೆ ಹೋಯಿತೋ, ಮರದ ಅಳತೆಪಟ್ಟಿಯಿಂದ ಮಣಿಕಟ್ಟಿಗೆ ಛಟೀರ್ ಅಂತ ಒಂದು ಬೀಳುತ್ತಿತ್ತು. ಅವರ ಸ್ವಂತ ಮಗಳಾದ ನನಗೇ ಆ ಪಾಠ ತಲೆಗೆ ಹತ್ತಲಿಲ್ಲ. ಒಂದು ದಿನ ಕಿಟಕಿ ಗಾಜು ಜಾರಿತು, ಅಯ್ಯೋ ಅಂತ ಎಡಗೈ ಚಾಚಿದೆ. ಈಗಲೂ ಆ ಕೈಯ ಎರಡು ಬೆರಳು ಮಡಚುವುದಿಲ್ಲ.

ಸೊಸೆ ಮನೆಗೆ ಬಂದಾಗ ಅಪ್ಪ ನನ್ನ ಆ ಕೈಯನ್ನೇ ಹಿಡಿದು ತೋರಿಸಿ ಪಾಠ ಮಾಡಿದರು. ಅವಳು ಹೇಗೆ ಕಲಿತಳು ಅಂದರೆ, ಅಡುಗೆಮನೆಯಲ್ಲಿ ಲೋಟ ಉರುಳಿದರೂ ಎರಡೂ ಕೈ ಮೇಲೆ! ಹಾಲು ಕಟ್ಟೆಯಿಂದ ಇಳಿದು ನೆಲಕ್ಕೆ ಹರಿಯುತ್ತಿರುತ್ತದೆ, ಇವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೈ ಎತ್ತಿಕೊಂಡು ನಿಂತಿರುತ್ತಾಳೆ. "ಪೊಲೀಸರು ಹೋದರು, ಇಳಿಸೇ" ಅಂತ ನಾನು ಹೇಳಬೇಕು. ನಾವು ಮೂವರೂ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆವು.

ಗಾಜನ್ನು ಗಿರಾಕಿಯ ಮನೆಗೆ ಮುಟ್ಟಿಸುವುದು ಗಂಡ ಹೆಂಡಿರ ಕೆಲಸ. ತಮ್ಮ ಮೋಟಾರ್ ಸೈಕಲ್ ಓಡಿಸುತ್ತಾನೆ, ಇವಳು ಹಿಂದೆ ಕೂತು ಗಾಜನ್ನು ತೊಡೆಯ ಮೇಲೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದಿರುತ್ತಾಳೆ. ಹಿಡಿದುಕೊಳ್ಳಲು ಇವಳಿಗೆ ಏನೂ ಇಲ್ಲ, ಅವನು ಬ್ರೇಕು ಹಾಕಿದರೆ ಹಲ್ಲು ಕಚ್ಚಿ ಸೊಂಟ ಗಟ್ಟಿ ಮಾಡಬೇಕು, ಅಷ್ಟೇ. ಕನ್ನಡಿಯಾದರೆ ಇನ್ನೂ ಚೆಂದ, ದಾರಿಯುದ್ದಕ್ಕೂ ತನ್ನ ಮುಖ ತಾನೇ ನೋಡಿಕೊಂಡು ಹೋಗಬೇಕು. "ಅಕ್ಕ, ಇವತ್ತು ಅಷ್ಟು ದೂರ ನನ್ನ ಮೂಗೇ ನೋಡ್ದೆ. ಇಷ್ಟು ದಪ್ಪ ಇದೆ ಅಂತ ನೀವ್ಯಾರೂ ಹೇಳಲೇ ಇಲ್ವಲ್ಲ" ಅನ್ನುತ್ತಿದ್ದಳು. ಬಾಡಿಗೆ ಗಾಡಿಯವರು ಗಾಜು ಅಂದರೆ ಸಾಕು, ದೂರದಿಂದಲೇ ಕೈ ಮುಗಿಯುತ್ತಾರೆ. ಹಾಗಾಗಿ ಆ ಮೋಟಾರ್ ಸೈಕಲ್ಲೇ ನಮ್ಮ ಮೂವರ ಅನ್ನ.

ಒಂದು ಮಧ್ಯಾಹ್ನ ತಮ್ಮ ಗಾಜು ಕೊಯ್ಯುತ್ತಿದ್ದ. ಕಟ್ಟರಿನ ಸದ್ದು ಅರ್ಧಕ್ಕೇ ನಿಂತಿತು. ಯಾಕೋ ಅಂತ ತಲೆ ಎತ್ತಿ ನೋಡಿದೆ. ಅವನ ಎಡಗೈ ಹೆಬ್ಬೆರಳು ಕಂಬಳಿಯ ಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ, ಇಲ್ಲದ ಕಲೆಯೊಂದನ್ನು ಉಜ್ಜುತ್ತಿತ್ತು. ಕಣ್ಣು ಎಲ್ಲೋ ಇತ್ತು. "ಏನೋ ಅದು?" ಅಂದೆ. ಅಷ್ಟರಲ್ಲಿ ದೊಪ್ಪಂತ ಬಿದ್ದ. ಮೈಯೆಲ್ಲ ಸೆಟೆದುಕೊಂಡು ಒದ್ದಾಡಿಬಿಟ್ಟ. ಗಟ್ಟಿಕೈ ಮೇಲಿನಿಂದ ಓಡಿ ಬಂದಳು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅಲ್ಲೇ ನಿಂತು ಕಿರುಚುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ನೋಡಿ, ಇದು ಫಿಟ್ಸು, ಮಾತ್ರೆ ಕೊಡುತ್ತೇನೆ, ಆದರೂ ಮತ್ತೆ ಬರಬಹುದು ಅಂದರು. ಆಮೇಲೆ ಕನ್ನಡಕ ತೆಗೆದು ತಮ್ಮನ ಮುಖ ನೋಡಿ ಹೇಳಿದರು: "ಗಾಡಿ ಓಡಿಸೋದು ಇವತ್ತಿಗೆ ನಿಲ್ಲಿಸಿ. ದಾರಿಯಲ್ಲಿ ಒಂದೇ ಒಂದು ಸಲ ಬಂದರೆ ಮುಗೀತು. ನೀವೂ ಇರಲ್ಲ, ಹಿಂದೆ ಕೂತವರೂ ಇರಲ್ಲ."

ಅಲ್ಲಿ ಒಳ್ಳೆ ಹುಡುಗನ ಹಾಗೆ ತಲೆ ಅಲ್ಲಾಡಿಸಿದ. ಮೆಟ್ಟಿಲು ಇಳಿಯುತ್ತಿದ್ದ ಹಾಗೇ, "ಅವರು ಹೇಳೋದು ಹೇಳ್ತಾರೆ ಬಿಡು" ಅಂದ. ಇದೇ ನನ್ನ ತಮ್ಮ.

ಕೆಲವು ದಿನ ಹೇಗೋ ಕಳೆಯಿತು. ಒಂದು ಬೆಳಿಗ್ಗೆ ನಾವಿಬ್ಬರೂ ಮೇಲೆ ಇದ್ದಾಗ ಕೆಳಗೆ ಮೋಟಾರ್ ಸೈಕಲ್ಲಿನ ಸದ್ದು. ಗಟ್ಟಿಕೈ ಬರಿಗಾಲಲ್ಲೇ ಮೆಟ್ಟಿಲು ಧಡಧಡ ಇಳಿದಳು. ನಾನು ಕಿಟಕಿಯಿಂದ ಬಗ್ಗಿ ನೋಡಿದರೆ, ಗಾಡಿಯ ಮುಂದೆ ನಡುಬೀದಿಯಲ್ಲಿ ಎರಡೂ ಕೈ ಎತ್ತಿ ನಿಂತಿದ್ದಾಳೆ. ಅವನು ಹಾರ್ನ್ ಹೊಡೆದ, ಬೈದ, ಕೊನೆಗೆ ಎಂಜಿನ್ ನಿಲ್ಲಿಸಿದ. ಅವಳು ಕೀಲಿ ಕಿತ್ತುಕೊಂಡಳು. ಅವತ್ತಿನಿಂದ ಕೀಲಿ ಒಂದು ದಾರಕ್ಕೆ ಕಟ್ಟಿ ಅವಳ ಕೊರಳಲ್ಲೇ. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲ.

ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಗಾಜು ಯಾರು ಮುಟ್ಟಿಸ್ತಾರೆ? ನಿಮ್ಮಪ್ಪ ಬರ್ತಾರಾ? ಓಡಿಸು, ನೀನೇ ಓಡಿಸು. ಮಳೆಗಾಲದೊಳಗೆ ಹಿಂದೆ ಗಾಜು ಇಟ್ಕೊಂಡು ಓಡಿಸಿ ತೋರಿಸು. ಆಗಲ್ವಾ, ಕೀಲಿ ನನ್ನ ಕೈಗೆ ಕೊಡ್ಬೇಕು. ಕೊಡಲ್ಲ ಅಂದ್ರೆ ಇನ್ನೊಂದು ಕೀಲಿ ಮಾಡಿಸೋದು ನನಗೇನು ದೊಡ್ಡದಲ್ಲ" ಅಂದ. ಮಳೆಗೆ ಮುಂಚೆ ಊರಿನವರೆಲ್ಲ ಒಡೆದ ಕಿಟಕಿಗಳಿಗೆ ಗಾಜು ಹಾಕಿಸುತ್ತಾರೆ, ನಮಗೆ ಅದೇ ಸುಗ್ಗಿ. ಅವಳು "ಹೂಂ" ಅಂದಳು. ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ.

ನಾನೇ ಕಲಿಯೋಣ ಅಂದರೆ ಈ ಎಡಗೈಗೆ ಕ್ಲಚ್ಚು ಹಿಡಿಯುವ ಯೋಗ್ಯತೆ ಇಲ್ಲ. ಒಮ್ಮೆ ಯಾರೂ ಇಲ್ಲದಾಗ ಕೂತು ಹಿಡಿದು ನೋಡಿದೆ. ಮೂರು ಬೆರಳಿಗೆ ಅದು ಅಲ್ಲಾಡಲೂ ಇಲ್ಲ. ಆಮೇಲೆ ಇಳಿದು ಬಂದು ಫ್ರೇಮಿಗೆ ಮೊಳೆ ಹೊಡೆಯುತ್ತ ಕೂತೆ. ಅಂದರೆ ಲೆಕ್ಕ ಸ್ಪಷ್ಟ ಇತ್ತು. ಅವಳು ಕಲಿತರೆ ನನ್ನ ತಮ್ಮ ಉಳಿಯುತ್ತಾನೆ. ಕಲಿಯದಿದ್ದರೆ ಅವನು ಗಾಡಿ ಹತ್ತುತ್ತಾನೆ, ಒಂದು ದಿನ ಯಾವುದೋ ಲಾರಿಯ ಕೆಳಗಿಂದ ಅವನನ್ನು ತಂದು ನಮ್ಮ ಮುಂದೆ ಮಲಗಿಸುತ್ತಾರೆ.

ಎದುರು ಅಂಗಡಿಯ ಮೆಕ್ಯಾನಿಕ್ ತಮ್ಮನ ಸ್ನೇಹಿತ. ಕಲಿಸುತ್ತೇನೆ ಅಂತ ಒಪ್ಪಿಕೊಂಡ. ಹಳೇ ಗೋದಾಮಿನ ಹಿಂದೆ ಖಾಲಿ ಅಂಗಳ ಇದೆ, ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೆ ಹೋದೆವು. ಗಟ್ಟಿಕೈ ಗಂಡನ ಹಳೇ ಪ್ಯಾಂಟು ಹಾಕಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದಳು. ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡೆ, ಆದರೂ ಸ್ವಲ್ಪ ನಕ್ಕೆ.

"ಅತ್ತಿಗೆ, ಎಡಗೈ ಕ್ಲಚ್ಚು, ಎಡಗಾಲು ಗೇರು. ಬಲಗೈ ಆಕ್ಸಿಲರೇಟರು, ಅಲ್ಲೇ ಮುಂದಿನ ಬ್ರೇಕು. ಬಲಗಾಲು ಹಿಂದಿನ ಬ್ರೇಕು" ಅಂದ ಮೆಕ್ಯಾನಿಕ್.

"ಎರಡು ಕೈಗೂ ಕೆಲಸ, ಎರಡು ಕಾಲಿಗೂ ಕೆಲಸ. ಉಸಿರಾಡೋದು ಯಾರು?" ಅಂದಳು ಅವಳು.

ತಮಾಷೆ ಮಾಡಿದಳು ಅಂದುಕೊಂಡೆ. ಮುಖ ನೋಡಿದರೆ ರಕ್ತವೇ ಇಲ್ಲ. ಮೆಕ್ಯಾನಿಕ್ ಸಮಾಧಾನವಾಗಿ ಹೇಳಿಕೊಟ್ಟ. ಮೊದಲು ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಓಡಾಡಿಸಿದ, ಗಾಡಿಯ ಭಾರ ಗೊತ್ತಾಗಲಿ ಅಂತ. ಆಮೇಲೆ ಸ್ಟಾರ್ಟ್ ಮಾಡಿಸಿ, ಕ್ಲಚ್ಚು ಹಿಡಿದು ಒಂದನೇ ಗೇರು ಹಾಕಿಸಿದ. "ಈಗ ಕ್ಲಚ್ಚು ಮೆಲ್ಲಗೆ ಬಿಡಿ. ಮೆಲ್ಲಗೆ... ಮೆಲ್ಲಗೆ..." ಅವಳು ಬಿಟ್ಟಳು ನೋಡಿ ಒಂದೇ ಸಲ. ಗಾಡಿ ಮೂಗುದಾರ ಹರಿದ ಹೋರಿಯ ಹಾಗೆ ಎಗರಿ ಆಫ್ ಆಯಿತು. ಮತ್ತೆ ಸ್ಟಾರ್ಟು, ಮತ್ತೆ ಎಗರಿದ್ದು, ಮತ್ತೆ ಆಫ್.

ಕೊನೆಗೆ ಗಾಡಿ ಉರುಳತೊಡಗಿತು. ಸ್ವಲ್ಪ ದೂರ ಚೆನ್ನಾಗಿಯೇ ಹೋದಳು. "ಹಾಂ, ಹಾಂ, ಹಾಗೇ!" ಅಂತ ಮೆಕ್ಯಾನಿಕ್ ಪಕ್ಕದಲ್ಲೇ ಓಡಿದ. ಅಷ್ಟರಲ್ಲಿ ಗಾಡಿ ಒಂದು ಚೂರು ಬಲಕ್ಕೆ ವಾಲಿತು. ಬೇರೆ ಯಾರಾದರೂ ಕಾಲು ಕೊಡುತ್ತಿದ್ದರು, ಹ್ಯಾಂಡಲ್ ತಿರುಗಿಸುತ್ತಿದ್ದರು. ಇವಳು ಎರಡೂ ಕೈ ಮೇಲೆತ್ತಿದಳು. ಗಾಡಿ ಅವಳನ್ನೂ ಕೆಡವಿಕೊಂಡು ಮಗ್ಗುಲಾಯಿತು. ಬಿಸಿ ಸೈಲೆನ್ಸರ್ ಕಣಕಾಲಿಗೆ ತಾಗಿ ಚರ್ಮ ಸುಟ್ಟಿತು. ನಾವು ಗಾಡಿ ಎತ್ತಿದಾಗ ಕಾಲು ಕೂಡ ನೋಡಿಕೊಳ್ಳದೆ ತನ್ನ ಎರಡು ಕೈಗಳನ್ನೇ ನೋಡುತ್ತ ಕೂತಿದ್ದಳು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ವಾಲಿತೋ, ಕೈ ಮೇಲೆ. ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಅಕ್ಕಾ, ನಾನು ಎಷ್ಟೋ ಜನಕ್ಕೆ ಕಲಿಸಿದೀನಿ. ಬೀಳೋವಾಗ ಎಲ್ಲರೂ ಹ್ಯಾಂಡಲ್‌ನ ಇನ್ನೂ ಗಟ್ಟಿಯಾಗಿ ಹಿಡ್ಕೋತಾರೆ, ಬಿಡಿ ಅಂದ್ರೂ ಬಿಡಲ್ಲ. ಇವರೊಬ್ಬರು ಬಿಟ್ಟೇ ಬಿಡ್ತಾರೆ. ಇದೆಂಥದ್ದು?" ಅಂದ.

ಎಂಥದ್ದು ಅಂತ ನನಗೆ ಗೊತ್ತಿತ್ತು. ಜಾರಿದ್ದರ ಆಸೆ ಬಿಡು, ಕೈ ಮೇಲೆತ್ತು. ಅಪ್ಪನ ಅಳತೆಪಟ್ಟಿ ಅವಳ ಮೈಯೊಳಗೆ ಕೂತಿತ್ತು. ಇಷ್ಟು ವರ್ಷ ಅವಳ ಕೈ ಬೆರಳುಗಳನ್ನು ಉಳಿಸಿದ್ದು ಯಾವುದೋ, ಅದೇ ಈಗ ಅವಳನ್ನು ಕೆಡವುತ್ತಿತ್ತು.

ಹೆದರಿಕೆಗೆ ಬೆಳಿಗ್ಗೆ ತಿಂದದ್ದು ಅವಳಿಗೆ ಒಳಗೆ ನಿಲ್ಲುತ್ತಿರಲಿಲ್ಲ. ಬಚ್ಚಲಿನಿಂದ ಬಾಯಿ ತೊಳೆದುಕೊಂಡು ಬಂದು, ಏನೂ ಆಗಿಲ್ಲ ಅನ್ನುವ ಹಾಗೆ ಆ ಪ್ಯಾಂಟು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ನಾನೇ ತಡೆದೆ. "ಬಿಡೇ ಮಾರಾಯ್ತಿ, ಇಷ್ಟು ಹೆದರಿಕೊಂಡು ಏನು ಕಲೀತೀಯ? ಇವತ್ತು ಬೇಡ."

"ಅಕ್ಕ, ಬೀಳೋದಕ್ಕೆ ನನಗೆ ಹೆದರಿಕೆ ಇಲ್ಲ. ಬಿದ್ದೂ ಬಿದ್ದೂ ಅಭ್ಯಾಸ ಆಗಿದೆ. ನನ್ನ ಕೈ ನನ್ನ ಮಾತು ಕೇಳಲ್ವಲ್ಲ, ಅದಕ್ಕೆ ಹೆದರಿಕೆ. ನಾಳೆ ಹಿಂದೆ ಅವರು ಕೂತಿರುವಾಗ ಹೀಗೆ ಕೈ ಬಿಟ್ಟರೆ? ಫಿಟ್ಸಿಂದ ಉಳಿಸಿ ನಾನೇ ಕೊಂದ ಹಾಗಾಗಲ್ವಾ?" ಅಂದಳು.

ನನ್ನ ಬಾಯಿ ಮುಚ್ಚಿದ್ದು ಅವತ್ತೇ ಮೊದಲು.

ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಅಪ್ಪ ಹೇಗೆ ಕಲಿಸಿದರೋ ಹಾಗೇ ಮರೆಸೋಣ ಅಂತ. ಅಂಗಡಿಯ ಒಳಗೇ ಗಾಡಿ ತಂದು ಡಬಲ್ ಸ್ಟ್ಯಾಂಡ್ ಹಾಕಿಸಿದೆ. ಅವಳನ್ನು ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದುಕೋ, ಏನೇ ಆದರೂ ಬಿಡಬೇಡ ಅಂದೆ. ನಾನು ಅವಳ ಹಿಂದೆ ನಿಂತು ತುಂಡು ಗಾಜಿನ ಡಬ್ಬದಿಂದ ಒಂದೊಂದೇ ತೆಗೆದು ನೆಲಕ್ಕೆ ಬಿಟ್ಟೆ. ಛಳ್! ಕೈ ಮೇಲೆ. "ಇಳಿಸು, ಹಿಡ್ಕೋ." ಛಳ್! ಮತ್ತೆ ಮೇಲೆ. "ನಿನ್ನ ಕೈ ಕತ್ತರಿಸಿ ಹಾಕ್ತೀನಿ ನೋಡು, ಹಿಡ್ಕೋ!" ಛಳ್! ಮತ್ತೆ ಮೇಲೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಹಲ್ಲು ಕಚ್ಚಿದಳು, ಕೊರಳ ನರ ಉಬ್ಬಿದವು. ಗಾಜು ಒಡೆದ ಸದ್ದಿಗೆ ಕೈ ಮಾತ್ರ ಹಾರಿಯೇ ಹಾರಿತು. ಡಬ್ಬ ಖಾಲಿಯಾಯಿತು. ನೆಲ ತುಂಬ ಚೂರು. ಅವಳು ಗಾಡಿಯ ಮೇಲೇ ಕೂತು ಅಳತೊಡಗಿದಳು.

ತಮ್ಮ ಮೊದಮೊದಲು ಮೆಟ್ಟಿಲ ಮೇಲೆ ಕೂತು ನಗುತ್ತ ನೋಡುತ್ತಿದ್ದ. ಈಗ ನಗು ಇರಲಿಲ್ಲ. "ಆಗಲ್ಲ ಅಕ್ಕ. ಸಾಕು ಮಾಡಿ. ಕೀಲಿ ಕೊಡಿಸು" ಅಂದ.

"ಮಳೆ ಬಂತೇನೋ? ಮೋಡ ಎಲ್ಲಿದೆ ತೋರಿಸು ನೋಡೋಣ. ಆಗಲ್ಲ ಅನ್ನೋದಕ್ಕೆ ನೀನು ಯಾರೋ? ಹೋಗಿ ಪೊರಕೆ ತಗೊಂಡು ಬಾ" ಅಂತ ರೇಗಿದೆ. ಅವನು ಪೊರಕೆ ತಂದ. ಆದರೆ ಅವನು ಹೇಳಿದ್ದು ಸರಿ ಅಂತ ನನಗೂ ಆಗಲೇ ಅನ್ನಿಸತೊಡಗಿತ್ತು.

ಗಟ್ಟಿಕೈ ಬಿಡಲಿಲ್ಲ. ಬಿದ್ದರೆ ತಾನೇ ಕೈ ಏಳುವುದು, ಬೀಳುವುದೇ ಬೇಡ ಅಂತ ತೀರ್ಮಾನ ಮಾಡಿದಳು. ಅಂಗಳದಲ್ಲಿ ಆಮೆಯಂತೆ ಸುತ್ತಿದಳು. ಅರ್ಧ ಕ್ಲಚ್ಚಿನಲ್ಲಿ ಗಾಡಿ ಅಲ್ಲಾಡದ ಹಾಗೆ ನಿಧಾನ ಓಡಿಸುವುದು ಎಲ್ಲಕ್ಕಿಂತ ಕಷ್ಟ ಅಂತೆ, ಮೆಕ್ಯಾನಿಕ್ಕೇ ಹೇಳಿದ. ಅವಳಿಗೆ ಅದು ಬಂದುಬಿಟ್ಟಿತು. ತಿರುವಿನಲ್ಲಿ ಚಕ್ರದ ಕಡೆ ನೋಡದೆ ಹೋಗಬೇಕಾದ ಕಡೆ ನೋಡುವುದು ಕಲಿತಳು. ಎರಡು ಬ್ರೇಕೂ ಒಟ್ಟಿಗೆ ಹಾಕುವುದು ಕಲಿತಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಒಮ್ಮೆಯೂ ಕಾಲು ಊರದೆ ಎಂಟು ಹಾಕಿದಳು. ಹೊರಗೆ ಬಂದು ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು. ನಾನು ಬೆನ್ನು ಸವರುತ್ತ, "ಪಾಸಾದ ಖುಷಿಗೆ ಎಲ್ಲರೂ ಸಿಹಿ ತಿಂತಾರೆ, ನಿಂದು ನೋಡು ಉಲ್ಟಾ" ಅಂದೆ.

ಬೀದಿಗೆ ಬಂದಮೇಲೆ ನಾನೇ ಅವಳ ಹಿಂದೆ ಕೂತೆ. ಸಣ್ಣ ಸಣ್ಣ ಕಿಟಕಿ ಗಾಜು, ಫೋಟೋ ಫ್ರೇಮು. ನಾನು ಆ ಗಾಜುಗಳನ್ನು ಹೇಗೆ ಹಿಡಿದಿದ್ದೆ ಅಂದರೆ, ನನ್ನ ಉಸಿರು ತಾಗಿ ಒಡೆದೀತು ಅನ್ನುವ ಹಾಗೆ. ಬಸ್ಸು ಪಕ್ಕದಲ್ಲಿ ಹಾರ್ನ್ ಹೊಡೆದರೆ ಅವಳ ಬೆನ್ನು ಹಲಗೆಯಾಗುವುದು ನನ್ನ ಮೊಣಕೈಗೆ ಗೊತ್ತಾಗುತ್ತಿತ್ತು. ಒಂದೂ ಗಾಜು ಬೀಳಲಿಲ್ಲ. ಬೀಳಲಿಲ್ಲ ಅಂದಮೇಲೆ, ಬಿದ್ದರೆ ಏನಾಗುತ್ತಿತ್ತು ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ. ಅದೇ ಭಯ ಮನೆಯಲ್ಲಿ ನಾಲ್ಕನೆಯವರ ಹಾಗೆ ನಮ್ಮ ಜತೆಗೇ ಇತ್ತು.

ತಮ್ಮ ಕೀಲಿ ಕೇಳುವುದು ನಿಲ್ಲಿಸಲಿಲ್ಲ. "ಅಂಗೈ ಅಗಲದ ಗಾಜು ಒಯ್ಯೋದಕ್ಕೆ ಗಾಡಿ ಯಾಕೆ? ದೊಡ್ಡದು ಒಯ್ಯಲಿ, ಆಗ ನೋಡೋಣ" ಅನ್ನುತ್ತಿದ್ದ. ಮಾತ್ರೆ ಒಗ್ಗಿತ್ತು, ಫಿಟ್ಸು ಬಹಳ ದಿನದಿಂದ ಬಂದಿರಲಿಲ್ಲ. ಅದೇ ಅವನಿಗೆ ಧೈರ್ಯ. ಆಕಾಶದಲ್ಲಿ ಮೋಡವೂ ಬಂತು.

ಆ ವಾರವೇ ಕ್ಷೌರದಂಗಡಿಯವರು ಕನ್ನಡಿ ಹೇಳಿದರು. ಗೋಡೆಗೆ ನಿಲ್ಲಿಸುವಂಥದ್ದು, ಒಬ್ಬರು ನಿಂತಷ್ಟು ಎತ್ತರ. ನನ್ನ ಈ ಕೈಯಲ್ಲಿ ಅದನ್ನು ಹಿಡಿಯುವುದು ಆಗದ ಮಾತು. ತಮ್ಮ ಮೀಸೆಯಡಿ ನಕ್ಕ. "ಎಡಮಗ್ಗುಲಿಗೆ ನಿಲ್ಲಿಸಿ ನಾನು ಹಿಡೀತೀನಿ. ಇವಳು ಓಡಿಸಲಿ. ಅಲ್ಲಿವರೆಗೆ ಮುಟ್ಟಿಸಿದಳೋ, ಕೀಲಿ ಮಾತು ಇನ್ನು ಎತ್ತಲ್ಲ. ಇಲ್ಲವೋ, ಬರುವಾಗ ನಾನೇ ಓಡಿಸಿಕೊಂಡು ಬರ್ತೀನಿ" ಅಂದ.

ಹಳೇ ಕನ್ನಡಿ ಬಿಚ್ಚಿ ಗೋಡೆ ಸರಿಮಾಡಲು ನಾನು ಮೊದಲೇ ಬಸ್ಸಿನಲ್ಲಿ ಹೊರಡಬೇಕಿತ್ತು. ಹೊರಡುವಾಗ ನೋಡಿದರೆ, ಗಟ್ಟಿಕೈ ಗಾಜು ಎತ್ತಲು ಬಳಸುವ ಅಗಲವಾದ ಬಟ್ಟೆ ಪಟ್ಟಿ ತಂದು ಗಂಡನ ಸೊಂಟಕ್ಕೂ ತನ್ನ ಸೊಂಟಕ್ಕೂ ಸೇರಿಸಿ ಸುತ್ತುತ್ತಿದ್ದಾಳೆ.

"ಏನೇ ಇದು? ನಾನೇನು ಗಾಜಾ?" ಅಂತ ಅವನು ಕೊಸರಿದ.

"ಗಾಜಾದ್ರೆ ಇನ್ನೊಂದು ಕೊಯ್ಯಬಹುದಿತ್ತು ಕಣ್ರೀ, ಸುಮ್ನಿರಿ" ಅಂದಳು, ಬಕಲ್ ಬಿಗಿದಳು.

ಕ್ಷೌರದಂಗಡಿ ಇರುವುದು ಒಂದು ಇಳಿಜಾರಿನ ಬೀದಿಯ ಕೊನೆಯಲ್ಲಿ. ಹಳೇ ಕನ್ನಡಿ ಬಿಚ್ಚಿ ಆಯಿತು, ಗೋಡೆ ಒರೆಸಿ ಆಯಿತು. ನಾನು ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಕ್ಷೌರದವರು ಕೈಯಲ್ಲಿ ಬಾಚಣಿಗೆ ಹಿಡಿದು ನನ್ನ ಪಕ್ಕ ಬಂದು ನಿಂತರು. "ಬರ್ತಾರೆ ಬಿಡಿ ಅಕ್ಕಾ" ಅಂದರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬೆಳಕು ಫಳ್ ಅಂತ ಹೊಳೆಯಿತು. ಕನ್ನಡಿ. ಆಮೇಲೆ ಅವಳ ಹೆಲ್ಮೆಟ್ಟು ಕಂಡಿತು. ಬಂದಳು ಕಣೇ, ಬಂದೇ ಬಂದಳು ಅಂತ ನನ್ನಷ್ಟಕ್ಕೆ ಹೇಳಿಕೊಂಡೆ. ಎರಡನೇ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದಾಳೆ, ಎದುರು ಲಾರಿಯೊಂದು ಏರಿ ಬರುತ್ತಿದೆ, ಇವಳು ತನ್ನ ಎಡ ಬಿಡದೆ ಹಿಡಿದಿದ್ದಾಳೆ. ನನಗೆ ಹೆಮ್ಮೆಯಾಯಿತು. ಪಕ್ಕದವರ ಕಡೆ ತಿರುಗಿ, "ನಮ್ಮ ಹುಡುಗಿ" ಅನ್ನಬೇಕು, ಆಗ ತಮ್ಮನ ಎಡಗೈ ಕಣ್ಣಿಗೆ ಬಿತ್ತು. ಕನ್ನಡಿಯ ಅಂಚಿನ ಮೇಲೆ ಹೆಬ್ಬೆರಳು ಹಿಂದೆ ಮುಂದೆ, ಹಿಂದೆ ಮುಂದೆ.

"ನಿಲ್ಲಿಸೇ!" ಅಂತ ಕಿರುಚಿದೆ. ಲಾರಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು.

ಅವನಿಗೆ ಅದು ಬರುವುದು ಗೊತ್ತಾಗಿರಬೇಕು. ಬಾಯಿ ತೆರೆದ, ಸದ್ದು ಹೊರಟ ಹಾಗೆ ಕಾಣಲಿಲ್ಲ. ಕೊನೆಗೆ ಅವನಿಗೆ ಆದದ್ದು ಒಂದೇ ಕೆಲಸ. ಕನ್ನಡಿಯನ್ನು ಅವಳ ಮೇಲೆ ಬೀಳದ ಹಾಗೆ ಎರಡೂ ಕೈಯಿಂದ ಎಡಕ್ಕೆ, ಖಾಲಿ ಗೋಡೆಯ ಕಡೆ ನೂಕಿಬಿಟ್ಟ. ಆಮೇಲೆ ಮೈ ಸೆಟೆದು ಅವಳ ಬೆನ್ನ ಮೇಲೆ ಬಿದ್ದ.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಇಡೀ ಬೀದಿ ಒಡೆದ ಹಾಗಿತ್ತು. ನಾನು ಕಣ್ಣು ಮುಚ್ಚಬೇಕು ಅಂದುಕೊಂಡೆ, ಮುಚ್ಚಲು ಆಗಲಿಲ್ಲ. ಹ್ಯಾಂಡಲ್ ಮೇಲೆ ಅವಳ ಹತ್ತು ಬೆರಳೂ ಬಿಚ್ಚಿ ನೆಟ್ಟಗೆ ನಿಂತದ್ದು ಕಂಡೆ. ಗಾಡಿ ಎಡಕ್ಕೆ, ಬಲಕ್ಕೆ ಹೊಯ್ದಾಡಿತು. ಹಿಂದೆ ಅವನ ಒದ್ದಾಟ, ಮುಂದೆ ಲಾರಿ. ಮುಗಿಯಿತು, ಇಬ್ಬರೂ ಹೋದರು ಅಂದುಕೊಂಡೆ.

ಅಂಗೈ ಮೇಲೇಳಲಿಲ್ಲ. ಬೆರಳು ನಿಂತವು, ಅಂಗೈ ಅಲ್ಲೇ ಕಚ್ಚಿಕೊಂಡಿತ್ತು. ಆಮೇಲೆ ಆ ಬೆರಳುಗಳು ಒಂದೊಂದಾಗಿ ಹಿಂದಕ್ಕೆ ಮಡಚಿಕೊಂಡವು. ಕ್ಲಚ್ಚು ಹಿಡಿದಳು, ಎರಡು ಬ್ರೇಕೂ ಒಟ್ಟಿಗೆ ಹಾಕಿದಳು. ಗಾಡಿ ಲಾರಿಗೆ ಒಂದು ಮಾರು ಈಚೆ ನಿಂತಿತು. ಎರಡೂ ಕಾಲು ಅಗಲಿಸಿ ನೆಲಕ್ಕೆ ಊರಿ, ಗಾಡಿಯ ಭಾರ, ತನ್ನ ಭಾರ, ಬೆನ್ನಿಗೆ ಕಟ್ಟಿಕೊಂಡು ಒದ್ದಾಡುತ್ತಿರುವ ಗಂಡನ ಭಾರ, ಎಲ್ಲ ಹೊತ್ತುಕೊಂಡು ಆ ಇಳಿಜಾರಿನಲ್ಲಿ ಕಂಬದ ಹಾಗೆ ನಿಂತಳು.

ನಾವು ಓಡಿದೆವು. ಲಾರಿಯವನು ಹಾರಿ ಇಳಿದ. ನಾನು ಪಟ್ಟಿಯ ಬಕಲ್ ಬಿಚ್ಚಿದೆ, ಕ್ಷೌರದವರೂ ಲಾರಿಯವನೂ ಸೇರಿ ತಮ್ಮನನ್ನು ಎತ್ತಿಕೊಂಡು ಹೋಗಿ ಅಂಗಡಿಯ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿದರು. ನಾನು ಅವನ ತಲೆ ಹಿಡಿದು ಕೂತೆ. ಒದ್ದಾಟ ನಿಂತಿತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಎದುರು ಕನ್ನಡಿ ಇಲ್ಲದ ಬೋಳು ಗೋಡೆ ನೋಡಿದ.

"ಕನ್ನಡಿ?" ಅಂದ.

"ಚೂರು ಚೂರಾಯ್ತು."

ಅವನ ಮುಖ ಬಿಳಿಚಿಕೊಂಡಿತು. "ಅವಳು? ಕೈ ಬಿಟ್ಟಳಾ?"

"ನೀನೇ ಹೋಗಿ ನೋಡು" ಅಂದೆ.

ಅವಳು ಇನ್ನೂ ಅಲ್ಲೇ ಇದ್ದಳು. ಯಾರೋ ಗಾಡಿಗೆ ಸ್ಟ್ಯಾಂಡ್ ಹಾಕಿದ್ದರು, ಎಂಜಿನ್ ಆಫ್ ಮಾಡಿದ್ದರು. ಸುತ್ತ ನಿಂತವರು, "ಬಿಡಮ್ಮಾ, ಇಳಿಯಮ್ಮಾ, ಏನೂ ಆಗಿಲ್ಲ" ಅಂತ ಹೇಳುತ್ತಲೇ ಇದ್ದರು. ನಾನು ಹತ್ತಿರ ಹೋಗಿ ಅವಳ ಮಣಿಕಟ್ಟು ಮುಟ್ಟಿದೆ, ಕಲ್ಲಾಗಿತ್ತು. ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿ ಅಂದಳು: "ಅಕ್ಕಾ, ಬಿಡೋದಕ್ಕೆ ಬರ್ತಿಲ್ಲ."

ತಮ್ಮ ತೂರಾಡುತ್ತ ಬಂದ. ನಾನು ತೋಳು ಹಿಡಿಯಲು ಹೋದೆ, ಕೊಸರಿಕೊಂಡ. ಅವಳ ಹಿಂದೆ ಗಾಡಿ ಹತ್ತಿ ಕೂತ. ಹಿಂದಿನಿಂದ ಎರಡೂ ಕೈ ಚಾಚಿ ಅವಳ ಕೈಗಳ ಮೇಲೆ ತನ್ನ ಕೈ ಇಟ್ಟ.

"ಇದೀನಿ ಕಣೇ. ಇಲ್ಲೇ ಇದೀನಿ. ಈಗ ಬಿಡು" ಅಂದ.

ಆಮೇಲೆ ಅವಳ ಬೆರಳು ಸಡಿಲವಾದವು, ಭುಜ ಕುಸಿಯಿತು. ಅವನ ತೋಳಿನೊಳಗೆ ಮುಖ ಹುದುಗಿಸಿ ದೊಡ್ಡ ದನಿ ತೆಗೆದು ಅತ್ತಳು. ಬೀದಿಯ ಜನ ನೋಡುತ್ತಿದ್ದಾರೆ ಅನ್ನುವುದು ಇಬ್ಬರಿಗೂ ಇರಲಿಲ್ಲ. ನನಗೂ ಇರಲಿಲ್ಲ, ನಾನೂ ಅತ್ತೆ.

ಅತ್ತು ಮುಗಿದಮೇಲೆ ತಮ್ಮ ಕೈ ಮುಂದೆ ಚಾಚಿ ಗಾಡಿಯ ಕೀಲಿ ತೆಗೆದ. ಇವನಿಗೆ ಇನ್ನೂ ಬುದ್ಧಿ ಬಂದಿಲ್ಲವಲ್ಲ ಅಂದುಕೊಂಡೆ. ಅವನು ಅವಳ ಹೆಲ್ಮೆಟ್ಟು ಬಿಚ್ಚಿದ. ಕೀಲಿಯ ದಾರವನ್ನು ಅವಳ ತಲೆಯ ಮೇಲಿಂದ ಹಾಕಿ, ಕೊರಳಿಗೆ ಇಳಿಸಿ, ಸಿಕ್ಕಿಕೊಂಡ ಕೂದಲು ಬಿಡಿಸಿ ಸರಿಮಾಡಿದ.

"ಮನೆಗೆ ಹೋಗೋಣ. ನೀನೇ ಓಡಿಸು" ಅಂದ.

ನಾನು ಕಣ್ಣು ಒರೆಸಿಕೊಂಡು ಆ ಪಟ್ಟಿ ತಂದೆ, ಇಬ್ಬರ ಸೊಂಟಕ್ಕೂ ಸುತ್ತಿ ಬಕಲ್ ಬಿಗಿದೆ. ಈ ಸಲ ಅವನು ಕೊಸರಲಿಲ್ಲ.